ಹತ್ತೊಂಬತ್ತನೆಯ ಒಂದು

ಕಲ್ಲಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನಾನು ಗೌರಿಬಿದನೂರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಕಳಿಸಿದ್ದವರು ನನ್ನ ಗಂಡನ ಅಣ್ಣ ರಮೇಶ್‌ಬಾಬು. ಜೊತೆಗೆ ಕೈಮುಗಿದ ಚಿತ್ರ, ಉರಿಯುವ ದೀಪದ ಚಿತ್ರ, ಯಾಕೋ ಒಂದು ಹೆಬ್ಬೆರಳು.

ಕರಿಕಲ್ಲಿನ ಮೇಲುಗಡೆ ಚಲಪತಿಯ ಹೆಸರು. ಅದರ ಕೆಳಗೆ ಹುಟ್ಟಿದ ವರ್ಷ, ಹೋದ ವರ್ಷ. ಅದರ ಕೆಳಗೆ ನಾನು ಕೇಳಿದ್ದ ಸಾಲು, ಬರೀ ಒಂದುಗಳು. ಅದರ ಕೆಳಗೆ, ಸತ್ತವನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ‘ಸ್ಥಾಪಿಸಿದವರು: ಯುವ ಮುಖಂಡ ಎಂ. ವಿ. ರಮೇಶ್‌ಬಾಬು, ಮೇಲೂರು’. ಇದನ್ನು ಯಾರೂ ಕೇಳಿರಲಿಲ್ಲ.

ಒಂದುಗಳನ್ನು ಎಣಿಸಿದೆ. ಹದಿನೆಂಟು.

ಫೋಟೊ ದೊಡ್ಡದು ಮಾಡಿ ಪೆನ್ನಿನ ತುದಿಯಿಟ್ಟು ಎಡದಿಂದ ಎಣಿಸಿದೆ. ಬಲದಿಂದ ಎಣಿಸಿದೆ. ಈ ಸಂಖ್ಯೆಯನ್ನು ಯಾವ ಕಡೆಯಿಂದ ಓದಿದರೂ ಒಂದೇ. ತಪ್ಪನ್ನೂ ಹಾಗೇ.

ಫೋನ್ ಮಾಡಿದೆ.

“ಭಾವ, ಒಂದು ಕಮ್ಮಿ ಇದೆ.”

“ಏನು ಒಂದು?”

“ಒಂದೇ. ಹತ್ತೊಂಬತ್ತು ಅಂತ ಹೇಳಿದ್ದೆ. ಹದಿನೆಂಟು ಕೆತ್ತಿದ್ದಾರೆ.”

“ಓ, ಅದಾ!” ಅವರಿಗೆ ಸಮಾಧಾನವಾಯಿತು. ತಮ್ಮ ಹೆಸರಿನ ಬಗ್ಗೆ ಕೇಳುತ್ತೀನಿ ಅಂದುಕೊಂಡಿದ್ದರೇನೋ. “ಅದು ಬೇಕಂತ್ಲೇ ತೆಗೆಸಿದ್ದು ಕಣಮ್ಮಾ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಸಂಖ್ಯಾಶಾಸ್ತ್ರದೋರಿದ್ದಾರಲ್ಲ, ಅವ್ರಿಗೆ ತೋರಿಸ್ದೆ. ಹತ್ತೊಂಬತ್ತು ಆದ್ರೆ ಒಂದೂ ಒಂಬತ್ತೂ ಹತ್ತು, ಹತ್ತಂದ್ರೆ ಒಂದು. ಸಮಾಧಿ ಮೇಲೆ ಒಂದು ಬರಬಾರ್ದಂತೆ. ಒಂದು ಗೀಟು ತೆಗೆದ್ರೆ ಹದಿನೆಂಟು. ಒಂದೂ ಎಂಟೂ ಒಂಬತ್ತು. ಸೂಪರ್ ಅಂದ್ರು.”

“ಅದು ಬೇರೆ ಸಂಖ್ಯೆ ಆಯ್ತು ಭಾವ.”

“ಒಂದು ಗೀಟಿಗಾ?” ನಕ್ಕರು. “ನೀನೊಳ್ಳೆ. ದೂರದಿಂದ ನೋಡಿದ್ರೆ ಯಾರಿಗೆ ಗೊತ್ತಾಗ್ತದೆ?”

ನಿಜ. ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಯಲ್ಲಿ ಹತ್ತಿರದಿಂದ ನೋಡಿದರೂ ಗೊತ್ತಾಗುವುದಿಲ್ಲ.

ಸಂಖ್ಯೆಯ ವಿಷಯ ಇಷ್ಟೇ. ಒಂದು ಎಂಬ ಅಂಕಿಯನ್ನೇ ಸಾಲಾಗಿ ಬರೆಯುತ್ತಾ ಹೋಗಿ. ಎರಡು ಬರೆದರೆ ಹನ್ನೊಂದು. ಅದು ಅವಿಭಾಜ್ಯ, ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಮೂರು ಬರೆದರೆ ನೂರ ಹನ್ನೊಂದು. ಅದು ಮೂರು ಮೂವತ್ತೇಳಲಿ. ಮುಗಿಯಿತು, ಒಡೆಯಿತು. ನಾಲ್ಕು ಬರೆದರೆ ಹನ್ನೊಂದರಿಂದ ಒಡೆಯುತ್ತದೆ. ಐದು ಬರೆದರೆ ನಲವತ್ತೊಂದರಿಂದ. ಹೀಗೇ ಹೋಗುತ್ತಾ ಒಂದೊಂದೂ ಒಡೆಯುತ್ತದೆ. ಹದಿಮೂರಕ್ಕೆ ಆಸೆ ಹುಟ್ಟುತ್ತದೆ, ಐವತ್ತಮೂರು ಬಂದು ಒಡೆಯುತ್ತದೆ. ಹದಿನೇಳು ಸ್ವಲ್ಪ ಸತಾಯಿಸಿ ಒಡೆಯುತ್ತದೆ. ಹದಿನೆಂಟು ಅತ್ತ ನೋಡುವ ಮೊದಲೇ ಪುಡಿಪುಡಿ. ಹತ್ತೊಂಬತ್ತು ಒಂದುಗಳನ್ನು ಬರೆದಾಗ ಎಲ್ಲ ನಿಲ್ಲುತ್ತದೆ. ಅದನ್ನು ಯಾವುದೂ ಒಡೆಯುವುದಿಲ್ಲ. ಆಮೇಲೆ ಇಪ್ಪತ್ತಮೂರು ಒಂದುಗಳ ಸಾಲು ಹೀಗೆ ನಿಲ್ಲುತ್ತದೆ. ಅದಾದ ಮೇಲೆ ಮುನ್ನೂರ ಹದಿನೇಳರವರೆಗೆ ಯಾವುದೂ ಇಲ್ಲ. ಇಂಥವು ಎಷ್ಟಿವೆ, ಎಲ್ಲಾದರೂ ಮುಗಿಯುತ್ತವೆಯೇ, ಯಾರಿಗೂ ತಿಳಿದಿಲ್ಲ.

ಚಲಪತಿ ಚಿಂತಾಮಣಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತಿದ್ದ. ಪ್ರತಿ ವರ್ಷ ಮೊದಲ ಕ್ಲಾಸಿಗೆ ಹೋಗಿ, ಹೆಸರೂ ಹೇಳದೆ, ಬೋರ್ಡಿನ ಮೇಲೆ ಹತ್ತೊಂಬತ್ತು ಗೀಟು ಎಳೆದು, “ಒಡೀರಿ ನೋಡಣ” ಅಂತ ಕುರ್ಚಿಯಲ್ಲಿ ಕೂರುತ್ತಿದ್ದ. ಗಂಟೆ ಹೊಡೆಯುವವರೆಗೆ ಮಕ್ಕಳು ಗುದ್ದಾಡುತ್ತಿದ್ದರು. ಅವರು ಅವನಿಗೆ ಇಟ್ಟ ಹೆಸರು ಒನ್‌ಒನ್ ಸಾರ್. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವಾಗ ನನಗೂ ಅದನ್ನೇ ಕೊಟ್ಟಿದ್ದ. ಬೇರೆ ಹುಡುಗರು ಚಾಕೊಲೇಟ್ ಕೊಡುತ್ತಿದ್ದರು.

ಮದುವೆಯಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ಅವನು ಪೂರ್ವಕ್ಕೆ, ಚಿಂತಾಮಣಿಗೆ. ನಾನು ಪಶ್ಚಿಮಕ್ಕೆ, ಗೌರಿಬಿದನೂರಿಗೆ. ಹೋದ ವರ್ಷ ಒಂದು ದಿನ ನಾನೊಬ್ಬಳೇ ವಾಪಸ್ ಬಂದೆ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಸಮಾಧಿಗೆ ಕಲ್ಲು ಹಾಕಿಸುವ ಮಾತು ಬಂದಾಗ ರಮೇಶ್‌ಬಾಬು ಶಿಡ್ಲಘಟ್ಟದ ಫ್ಲೆಕ್ಸ್ ಅಂಗಡಿಯಿಂದ ಒಂದು ಸಾಲು ತಂದಿದ್ದರು, ‘ಬಾಳಿನ ಬಂಗಾರ, ಮರೆಯಾದ ಮಾಣಿಕ್ಯ’. ಅದೇ ಸಾಲು ಆ ತಿಂಗಳು ಊರಿನ ಮೂರು ಬ್ಯಾನರಿನ ಮೇಲಿತ್ತು. ಒಂದರಲ್ಲಿ ಮಾಣಿಕ್ಯನಿಗೆ ತೊಂಬತ್ತು ವರ್ಷ. ನಾನು ಬೇಡ ಅಂದೆ. ಈ ಸಂಖ್ಯೆ ಬರೆಸಿ, ಇನ್ನೇನೂ ಬೇಡ ಅಂದೆ. ಆ ಮನೆಯಿಂದ ನಾನು ಕೇಳಿದ್ದು ಇದೊಂದನ್ನೇ.

“ಅದೇನಮ್ಮಾ, ಬರೀ ಗೀಟು?” ಅಂದರು ಅತ್ತೆ ಶ್ಯಾಮಲಮ್ಮ.

ರಮೇಶ್‌ಬಾಬು ಹೆಂಡತಿ ಪವಿತ್ರ ಬಿಡಿಸಿ ಹೇಳಿದಳು. “ಎಲ್ಲಾ ಒಂದೇ ಅಲ್ವಾ ಅತ್ತೆ, ಫಸ್ಟು, ಫಸ್ಟು, ಫಸ್ಟು ಅಂತ. ಚಲಪತಿ ಎಲ್ಲಾದ್ರಲ್ಲೂ ಫಸ್ಟ್ ಬರ್ತಿರ್ಲಿಲ್ವಾ?”

ಎಲ್ಲರಿಗೂ ಒಪ್ಪಿಗೆಯಾಯಿತು. ನಾನು ತಿದ್ದಲಿಲ್ಲ. ತಪ್ಪು ಕಾರಣಕ್ಕೆ ಒಪ್ಪಿದವರನ್ನು ತಿದ್ದಿದರೆ ಸರಿಯಾದ ಕಾರಣಕ್ಕೆ ಬೇಡ ಅನ್ನುತ್ತಾರೆ.

ಭಾನುವಾರ ವರ್ಷದ ಕಾರ್ಯ. ಶನಿವಾರ ಮಧ್ಯಾಹ್ನ ನಾನು ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದಾಗ ರಮೇಶ್‌ಬಾಬು ಕಾರು ತಂದು ಕಾಯುತ್ತಿದ್ದರು. “ಬಾ, ಅವ್ರ ಬಾಯಲ್ಲೇ ಕೇಳುವಂತೆ,” ಅಂತ ನೇರ ಸಂಖ್ಯಾಶಾಸ್ತ್ರದವರ ಹತ್ತಿರ ಕರೆದುಕೊಂಡು ಹೋದರು.

ಮೊಬೈಲ್ ಅಂಗಡಿಯ ಮೇಲಿನ ರೂಮು. ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರಿಗೆ ಎರಡು ‘ಎ’ ಹೆಚ್ಚಿಗೆ ಅಂಟಿಸಿದ್ದರು. ರಮೇಶ್‌ಬಾಬು ಕೂಡ ಹೋದ ವರ್ಷದಿಂದ ತಮ್ಮ ಹೆಸರಿಗೆ ಒಂದು ‘ಹೆಚ್’ ಹಾಕಿಸಿಕೊಂಡಿದ್ದಾರೆ. ಲೇಔಟ್ ವ್ಯವಹಾರ ಕೈಹತ್ತಿದ್ದು ಆ ಹೆಚ್‌ನಿಂದ ಎಂದು ಅವರ ನಂಬಿಕೆ. ಕೆರೆಯಂಗಳಕ್ಕೆ ಬೇಲಿ ಹಾಕಿದ್ದರಿಂದ ಎಂದು ಊರಿನವರ ನಂಬಿಕೆ.

ಮೇಜಿನ ಹಿಂದೆ ಹಳದಿ ಶಾಲಿನ ಮನುಷ್ಯ ಎಸಿ ಕೆಳಗೆ ಕೂತಿದ್ದರು.

“ಯಜಮಾನ್ರ ಗಾಡಿ ನಂಬರ್ ಎಷ್ಟಿತ್ತಮ್ಮಾ?”

ನನಗಿಂತ ಮೊದಲು ರಮೇಶ್‌ಬಾಬು ಹೇಳಿದರು. “ನಲವತ್ತು ನಲವತ್ತೊಂಬತ್ತು ಸಾರ್.”

“ನಾಲ್ಕು, ಸೊನ್ನೆ, ನಾಲ್ಕು, ಒಂಬತ್ತು. ಹದಿನೇಳು. ಎಂಟು.” ಅವರು ಕೈ ಚೆಲ್ಲಿದರು. “ಶನಿ. ಇನ್ನು ಕೇಳ್ಬೇಕಾ?”

ಆ ಹಳೆಯ ಬೈಕನ್ನು ಚಲಪತಿ ಕೊಂಡದ್ದೇ ಆ ನಂಬರಿಗೆ. ನಾಲ್ಕು ಸಾವಿರದ ನಲವತ್ತೊಂಬತ್ತು ಅವಿಭಾಜ್ಯ. ಎಂಜಿನ್ ನೋಡಿರಲಿಲ್ಲ, ಟೈರು ನೋಡಿರಲಿಲ್ಲ. ರಸ್ತೆಯ ತಪ್ಪು ಬದಿಯಲ್ಲಿ ಬಂದ ಟಿಪ್ಪರಿನ ನಂಬರು ಕೂಡಿದರೆ ಎಷ್ಟು ಅಂತ ಈ ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾನು ಕೂಡಿದ್ದೆ. ಒಂಬತ್ತು.

“ಒಂದು ಅಂದ್ರೆ ಒಂಟಿ ಕಣಮ್ಮಾ,” ಅಂದರು ಶಾಲಿನವರು. “ಬದುಕಿರೋರಿಗೆ ಒಂದು ಒಳ್ಳೇದು. ಸತ್ತೋರ ಕಲ್ಲಿನ ಮೇಲೆ ಒಂದು ಬಂದು ಕೂತ್ರೆ ಅದು ಜೊತೆ ಹುಡುಕ್ತದೆ. ಮನೇಲಿ ಇನ್ನೊಬ್ಬರನ್ನ ಕರೀತದೆ.”

ರಮೇಶ್‌ಬಾಬು ಗಲ್ಲ ಬಡಿದುಕೊಂಡರು.

“ನೀವು ಒಂಬತ್ತು ಮಾಡಿಕೊಟ್ಟಿದ್ದೀರಲ್ಲ,” ಅಂದೆ ನಾನು, “ಅಂಕಿ ಕೂಡಿ ಒಂಬತ್ತು ಬಂದರೆ ಆ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತೆ. ಸ್ಕೂಲಿನ ಪಾಠ. ನಾನು ಕೇಳಿದ್ದು ಭಾಗವಾಗದ ಸಂಖ್ಯೆ.”

“ಭಾಗ ಆದ್ರೆ ತಪ್ಪೇನಮ್ಮಾ? ಅಣ್ಣತಮ್ಮಂದಿರು ಅಂದ್ಮೇಲೆ ಭಾಗ ಮಾಡ್ಕೊಂಡು ಸುಖವಾಗಿರಬೇಕಪ್ಪಾ!”

ತಮ್ಮ ಮಾತಿಗೆ ತಾವೇ ನಕ್ಕರು. ರಮೇಶ್‌ಬಾಬು ನಗಲಿಲ್ಲ. ಭಾಗ ಎಂಬ ಮಾತು ಅವರಿಗೆ ಬೇರೆ ಕಾರಣಕ್ಕೆ ಹಿಡಿಸುವುದಿಲ್ಲ.

“ಹದಿನೆಂಟು ಒಂದನ್ನ ಏಳು ಒಡೆಯುತ್ತೆ,” ಅಂದೆ. “ಹನ್ನೊಂದು ಒಡೆಯುತ್ತೆ. ಹದಿಮೂರು, ಮೂವತ್ತೇಳು. ಹತ್ತೊಂಬತ್ತೂ ಒಡೆಯುತ್ತೆ. ದಾರಿಯಲ್ಲಿ ಹೋಗೋರೆಲ್ಲ ಒಡೀಬಹುದು.”

“ಮೇಡಮ್ ತುಂಬಾ ಓದ್ಕೊಂಡಿದ್ದಾರೆ.” ಇದನ್ನು ಅವರು ರಮೇಶ್‌ಬಾಬುಗೆ, ಕಾಯಿಲೆಯ ಹೆಸರು ಹೇಳುವ ಡಾಕ್ಟರಿನಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೋಡಮ್ಮಾ, ನಾಳೆ ಹಾಲುತುಪ್ಪ ಬಿದ್ದ ಮೇಲೆ ಆ ಕಲ್ಲಿಗೆ ಜೀವ ಬಂದಂಗೆ. ಆಮೇಲೆ ಅದನ್ನ ಕೀಳಬಾರ್ದು, ಒಂದಂಕಿ ಅಳಿಸ್ಬಾರ್ದು. ಒಂದಂಕಿ ಅಳಿಸಿದ್ರೆ ಮನೇಲಿ ಒಂದು ತಲೆ ಅಳಿಸಿದಂಗೆ. ಮೊನ್ನೆ ಯಾರೋ ಅಳಿಸಿದ್ರು. ಮೂರು ತಿಂಗಳು ತಾಳ್ಲಿಲ್ಲ.”

“ಸೇರಿಸಿದರೆ?” ಅಂತ ಕೇಳಿದೆ.

“ಸೇರಿಸೋದು ಬೇರೆ. ಸೇರಿಸಿದ್ರೆ ವೃದ್ಧಿ.”

ಎದ್ದೆ. ಕೆಳಗೆ ರಮೇಶ್‌ಬಾಬು ಕಾರು ನಿಂತಿತ್ತು. ಐವತ್ತನಾಲ್ಕು ಸೊನ್ನೆ ಒಂಬತ್ತು. ಕೂಡಿದರೆ ಒಂಬತ್ತು. ಅದರ ಹಿಂದೆ ನಿಂತದ್ದೂ ಒಂಬತ್ತು, ಮುಂದಿನದೂ ಒಂಬತ್ತು. ಊರಿನಲ್ಲಿ ಅದೃಷ್ಟ ಬಂದವರೆಲ್ಲ ಒಂಬತ್ತರ ಮಗ್ಗಿ ಹೊತ್ತುಕೊಂಡು ಓಡಾಡುತ್ತಾರೆ. ಒಬ್ಬರಿಗಾದರೂ ಆ ಮಗ್ಗಿ ಬಾಯಿಗೆ ಬರುವುದಿಲ್ಲ.

ಮೇಲೂರಿನ ಮನೆ ಮುಂದೆ ಬ್ಯಾನರ್ ಕಟ್ಟಿತ್ತು. ಅದರಲ್ಲಿ ಚಲಪತಿ ‘ಸಮಾಜಸೇವಕ’, ‘ಬಡವರ ಬಂಧು’. ಅವನ ಫೋಟೊ ಅಂಗೈಯಷ್ಟು, ರಮೇಶ್‌ಬಾಬು ಫೋಟೊ ಆಳೆತ್ತರ. ಪಂಚಾಯಿತಿ ಎಲೆಕ್ಷನ್ ಹತ್ತಿರವಿದೆ. ಬಡವರ ಬಂಧು ರಜೆಯ ದಿನ ಮನೆಯಿಂದ ಹೊರಗೆ ಬರುತ್ತಿರಲಿಲ್ಲ, ಯಾರಾದರೂ ಬಾಗಿಲು ತಟ್ಟಿದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದ.

ಸಂಜೆ ಅತ್ತೆ ನನ್ನನ್ನು ಹಿಡಿದುಕೊಂಡರು. “ಒಂದು ಗೀಟಿಗೆ ಹಟ ಮಾಡ್ತೀಯಂತಲ್ಲಮ್ಮಾ. ಅವನು ಒಂಟಿಯಾಗಿ ಕೂತು ಯಾರನ್ನಾದ್ರೂ ಕರೆದ್ರೆ ಏನು ಗತಿ? ನಿಂಗೇನಮ್ಮಾ, ನಿಂಗೆ ಮಕ್ಕಳಾ ಮರಿಯಾ. ಪವಿತ್ರಂಗೆ ಎರಡು ಮಕ್ಕಳಿದ್ದಾವೆ ಕಣೇ.”

ಈ ಮಾತು ನನಗೆ ನಾಟಬೇಕಿತ್ತು. ನಾಟಲಿಲ್ಲ. ಒಂದು ವರ್ಷದಿಂದ ಹಾಗೇ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚಿದಂತೆ, ಎಲ್ಲಾ ಮುಟ್ಟುತ್ತದೆ, ಏನೂ ನೋಯುವುದಿಲ್ಲ.

ಮಾವ ವೆಂಕಟರಾಯಪ್ಪ ರೇಷ್ಮೆ ಹುಳುಮನೆಯಿಂದ ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಬಂದು ನಿಂತಿದ್ದರು. “ಆ ನಂಬರಿಂದ ಏನಮ್ಮಾ ಉಪಯೋಗ?”

“ಏನೂ ಇಲ್ಲ ಮಾವ.”

“ಮತ್ತೆ ಯಾಕೆ?”

“ಬ್ಯಾನರಿನಲ್ಲಿರೋದೆಲ್ಲ ಸುಳ್ಳು. ಕಲ್ಲಿನ ಮೇಲೆ ಒಂದಾದರೂ ನಿಜ ಇರಲಿ ಅಂತ.”

ಅವರು ಬುಟ್ಟಿಯನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. “ಅವನಿಗೆ ಗೊತ್ತಾಗ್ತದಾ?”

“ಇಲ್ಲ. ನನಗೆ ಗೊತ್ತಾಗುತ್ತೆ.”

ಅವರು ಬುಟ್ಟಿ ಹಿಡಿದುಕೊಂಡು ಒಳಗೆ ಹೋದರು. ಆ ಮನೆಯಲ್ಲಿ ಕೆಟ್ಟದಾಗಿ ಮಾತಾಡದವರು ಅವರೊಬ್ಬರೇ, ಅದು ಅವರು ಮಾತೇ ಆಡದಿರುವುದರಿಂದ.

ಬೆಳಿಗ್ಗೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಶಾಮಿಯಾನ. ಕಲ್ಲು ನಿಲ್ಲಿಸಿ ಆಗಿತ್ತು. ಕಲ್ಲು ಕೆತ್ತಿದ ಗಂಗುಲಪ್ಪ ಬುಡಕ್ಕೆ ಸಿಮೆಂಟು ಮೆತ್ತುತ್ತಿದ್ದ. ಪಕ್ಕದಲ್ಲಿ ಬಕೆಟ್ಟು, ಸುತ್ತಿಗೆ, ಉಳಿ. ನಾನು ಕಲ್ಲನ್ನು ಹತ್ತಿರದಿಂದ ನೋಡಿದೆ. ಹದಿನೆಂಟನೆಯ ಒಂದರ ಬಲಕ್ಕೆ, ಅಂಚಿಗೆ ಮೊದಲು, ಎರಡು ಬೆರಳಿನಷ್ಟು ಜಾಗ ಖಾಲಿಯಿತ್ತು. ಮೊದಲು ಹತ್ತೊಂಬತ್ತಕ್ಕೇ ಅಳತೆ ಹಾಕಿದ್ದನಂತೆ.

“ಅಲ್ಲೊಂದು ಗೀಟು ಹಾಕಿಕೊಡ್ತೀರಾ ಗಂಗುಲಪ್ಪ?”

“ರಮೇಶಣ್ಣ ಬೈತಾರಮ್ಮಾ. ಅವ್ರು ಹದಿನೆಂಟು ಅಂದ್ರು ಹದಿನೆಂಟು, ಎಂಟು ಅಂದಿದ್ರೆ ಎಂಟು. ನಂಗ್ಯಾಕಮ್ಮಾ ಲೆಕ್ಕ.”

“ನೀವು ಯಾವತ್ತಾದರೂ ಬೇರೆಯವರ ಹೆಸರು ತಪ್ಪು ಕೆತ್ತಿದ್ದೀರಾ?”

“ಬೇಕಾದಷ್ಟು. ಸತ್ತೋರು ಬಂದು ಕೇಳ್ತಾರಾ?” ಹಲ್ಲು ಬಿಟ್ಟ.

ಜನ ಸೇರಿದರು. ನನ್ನನ್ನು ಹೆಂಗಸರ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಗಂಡ ಸತ್ತವಳು ಮುಂದೆ ಬರಬಾರದಂತೆ, ಸತ್ತದ್ದು ನನ್ನ ಗಂಡನೇ ಆದರೂ. ಪವಿತ್ರ ಹೂ ಏರಿಸಿದಳು. ಮಾವ ಹಾಲುತುಪ್ಪ ಬಿಟ್ಟರು. ಹಾಲು ಹೆಸರಿನ ಮೇಲೆ ಹರಿದು, ಹದಿನೆಂಟು ಗೀಟುಗಳಲ್ಲಿ ಇಳಿದು, ರಮೇಶ್‌ಬಾಬು ಹೆಸರಿನಲ್ಲಿ ಬಂದು ನಿಂತಿತು. ಕಾಯಿ ಒಡೆದರು. ಕಲ್ಲಿಗೆ ಜೀವ ಬಂತು.

ರಮೇಶ್‌ಬಾಬು ಮೈಕು ಹಿಡಿದು, “ನನ್ನ ತಮ್ಮ ಯಾವತ್ತೂ ಹೇಳೋನು, ಅಣ್ಣಾ ನೀನು ಜನಸೇವೆಗೆ ಬರಬೇಕು ಅಂತ…” ಎಂದು ಶುರುಮಾಡಿದರು. ಎಲ್ಲರೂ ಅತ್ತ ತಿರುಗಿದರು.

ನಾನು ಹೆಂಗಸರ ಮಧ್ಯದಿಂದ ಮುಂದೆ ಬಂದೆ. ಕಲ್ಲಿನ ಮುಂದೆ ಕೂತೆ. ಉಳಿಯನ್ನು ಖಾಲಿ ಜಾಗದಲ್ಲಿಟ್ಟು ಸುತ್ತಿಗೆ ಎತ್ತಿ ಹೊಡೆದೆ.

ಕರಿಕಲ್ಲು ಸುಲಭಕ್ಕೆ ಬಿಡುವುದಿಲ್ಲ. ಮೊದಲ ಏಟಿಗೆ ಉಳಿ ಜಾರಿತು. ಎರಡನೆಯದಕ್ಕೆ ಬಿಳಿ ಚುಕ್ಕೆ ಬಿತ್ತು. ಮೈಕು ನಿಂತಿತು.

“ಏಯ್! ಏಯ್ ಹರಿಣಿ! ಏನ್ಮಾಡ್ತಿದ್ದೀಯಾ?”

“ಸೇರಿಸ್ತಿದ್ದೀನಿ ಭಾವ. ವೃದ್ಧಿ.”

“ಹಿಡ್ಕೊಳ್ರೋ ಯಾರಾದ್ರೂ!”

ಯಾರೂ ಹಿಡಿಯಲಿಲ್ಲ. ಸುತ್ತಿಗೆ ಹಿಡಿದ ವಿಧವೆಯನ್ನು ಮುಟ್ಟುವುದು ಹೇಗೆಂದು ಅವರಿಗೆ ಯಾವ ಶಾಸ್ತ್ರದವರೂ ಹೇಳಿಕೊಟ್ಟಿರಲಿಲ್ಲ. ನಾನು ಹೊಡೆಯುತ್ತಾ ಹೋದೆ. ಗೀಟು ಸೊಟ್ಟವಾಗಿ ಕೆಳಗಿಳಿಯಿತು.

“ಅಯ್ಯೋ ನಾಯ್ನಾ!” ಅತ್ತೆ ಎದೆ ಬಡಿದುಕೊಂಡರು. “ಕರೀತಾನೆ ಕಣೇ ಅವ್ನು! ಯಾರನ್ನೋ ಕರೀತಾನೆ!”

“ಕರೆದರೆ ನನ್ನ ಕರೀತಾರೆ ಅತ್ತೆ. ನೀವ್ಯಾಕೆ ಹೆದರ್ತೀರಿ? ಬದುಕಿದ್ದಾಗ ಭಾವನ ಫೋನೇ ಎತ್ತುತ್ತಿರಲಿಲ್ಲ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಯಾರೆಂದು ನೋಡಲಿಲ್ಲ. ಗೀಟು ಮುಗಿದಿತ್ತು. ಉಳಿಯನ್ನು ಗಂಗುಲಪ್ಪನ ಬಕೆಟ್ಟಿನ ಪಕ್ಕ ಇಟ್ಟು ಎದ್ದೆ.

ರಮೇಶ್‌ಬಾಬು ಕಲ್ಲಿನ ಹತ್ತಿರ ಬಂದರು, ಬೆರಳಿಟ್ಟು ಎಣಿಸಿದರು, ಬೆವರು ಒರೆಸಿಕೊಂಡರು. “ಗಂಗುಲಪ್ಪ, ಇದನ್ನ ಮುಚ್ಚಯ್ಯಾ. ಏನಾದ್ರೂ ಮೆತ್ತು.” ಅಷ್ಟರಲ್ಲಿ ನೆನಪಾಯಿತು. ಒಂದಂಕಿ ಅಳಿಸಿದರೆ ಒಂದು ತಲೆ. ಕೈ ಹಿಂದೆ ತೆಗೆದರು. ಅಲ್ಲೇ ಶಾಲಿನವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಜನ ಸುತ್ತ ಕವಿದರು.

“ಹಾಲು ಬಿದ್ದಾಗಿದೆಯಾ?” ಫೋನ್ ಕೇಳಿತು.

“ಆಗಿದೆ ಸಾರ್.”

“ಹಂಗಾದ್ರೆ ಅಳಿಸೋ ಮಾತೇ ಬೇಡ. ಸೇರಿಸಿ. ಒಂಬತ್ತು ಬರೋವರೆಗೂ ಸೇರಿಸಿ.”

“ಎಷ್ಟು ಸಾರ್?”

ಫೋನಿನಲ್ಲಿ ಏನೋ ಗುಣುಗುಣಿಸುವ ಸದ್ದು ಬಂತು. ಹತ್ತೊಂಬತ್ತರ ಮುಂದೆ ಒಂಬತ್ತರ ಮಗ್ಗಿಯಲ್ಲಿ ಯಾವುದು ಬರುತ್ತದೆಂದು ಅಲ್ಲಿ ಬೆರಳು ಮಡಿಸುತ್ತಿದ್ದಿರಬೇಕು. ಬೇಜಾರಾಗಿ ನಾನೇ ಹೇಳಿದೆ. “ಇಪ್ಪತ್ತೇಳು. ಇನ್ನೂ ಎಂಟು ಗೀಟು.”

“ಹಾಂ, ಅದೇ, ಇಪ್ಪತ್ತೇಳು,” ಅಂದಿತು ಫೋನು.

ಗಂಗುಲಪ್ಪ ಕಲ್ಲಿನ ಅಂಚಿಗೆ ಬೆರಳಿಟ್ಟು ತೋರಿಸಿದ. ನನ್ನ ಗೀಟಿನ ಆಚೆ ಕಲ್ಲೇ ಇರಲಿಲ್ಲ. “ಈ ಸಾಲಲ್ಲಿ ಒಂದೂ ಹಿಡಿಯಲ್ಲಣ್ಣಾ. ಮೇಲೆ ಚಲಪತಣ್ಣನ ವರ್ಷ ಇದಾವೆ. ಕೆಳಗಾದ್ರೆ ಹಾಕ್ಬೋದು.”

“ಹಾಕು ಮತ್ತೆ! ಕೆಳಗೆ ಹಾಕು!”

“ಕೆಳಗೆ ನಿಮ್ಮ ಹೆಸರೈತಲ್ಲಣ್ಣಾ. ಅದರ ಮೇಲೇ ಹೊಡೀಬೇಕು. ‘ಯುವ ಮುಖಂಡ’ ಅನ್ನೋದು ಪೂರ್ತಿ ಹೋಗ್ತದೆ, ‘ರಮೇ’ವರೆಗೂ ಹೋಗ್ಬೋದು.”

ರಮೇಶ್‌ಬಾಬು ಕಲ್ಲನ್ನು ನೋಡುತ್ತಾ ನಿಂತರು. ಹೆಂಡತಿಯನ್ನು ನೋಡಿದರು, ಇಬ್ಬರು ಮಕ್ಕಳನ್ನು ನೋಡಿದರು. ಮತ್ತೆ ಕಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿದ್ದ ತಮ್ಮ ಹೆಸರನ್ನು ನೋಡಿದರು. ಪವಿತ್ರ ಅವರ ಮುಖವನ್ನೇ ನೋಡುತ್ತಿದ್ದಳು.

“ಇರ್ಲಿ ಬಿಡಯ್ಯಾ,” ಅಂದರು. “ಅವೆಲ್ಲ ಮೂಢನಂಬಿಕೆ.”

ಪವಿತ್ರ ಮಕ್ಕಳ ಕೈ ಹಿಡಿದುಕೊಂಡು ಊಟದ ಪೆಂಡಾಲಿನ ಕಡೆ ನಡೆದಳು. ಗಂಡನಿಗೆ ಕಾಯಲಿಲ್ಲ. ಜನ ಅವಳ ಹಿಂದೆ ಹೋದರು. ನಾನು ಊಟಕ್ಕೆ ನಿಲ್ಲಲಿಲ್ಲ. ಬಸ್ ಸ್ಟಾಪಿನ ದಾರಿ ಹಿಡಿದಾಗ ಒಮ್ಮೆ ತಿರುಗಿ ನೋಡಿದೆ. ಮಾವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೀಟುಗಳನ್ನು ಎಣಿಸುತ್ತಿದ್ದರು. ನಡುವೆಲ್ಲೋ ಲೆಕ್ಕ ತಪ್ಪಿರಬೇಕು, ಬೆರಳು ಮತ್ತೆ ಮೊದಲಿಗೆ ಹೋಯಿತು.